ಇಪ್ಪತ್ತೆರಡು ಲಕ್ಷ ಗಾಸ್: ಲೋಹದ ಮೈ ಪ್ಲಾಸ್ಮಾ ಆಗುವ ಹೊತ್ತು

(ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿ ಮತ್ತು ಮಷಿನ್ ಶಾಪ್‌ಗಳ ಕೆಲಸಗಾರರು ಹಾಗೂ ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಡಕ್ಷನ್ ಫರ್ನೇಸ್ ಮುಂದೆ ನಿಂತು ಜೀವನ ಸಾಗಿಸುವವರಿಗೆ ಕಾಂತಕ್ಷೇತ್ರ ಲೋಹವನ್ನು ಕಾಯಿಸುತ್ತದೆ ಎಂಬುದನ್ನು ನಾನು ಬಂದು ಹೇಳಿಕೊಡಬೇಕಾಗಿಲ್ಲ. ಕುಲುಮೆಯ ತಾಮ್ರದ ಸುರುಳಿ ಒಳಗಿನ ಸ್ಕ್ರ್ಯಾಪನ್ನು ಮುಟ್ಟುವುದೇ ಇಲ್ಲ. ಸುರುಳಿಯ ಕಾಂತಕ್ಷೇತ್ರ ಸೆಕೆಂಡಿಗೆ ನೂರಾರು ಸಲ, ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಆ ಬದಲಾವಣೆ ಲೋಹದೊಳಗೆ ಸುಳಿ ಪ್ರವಾಹಗಳನ್ನು ಎಬ್ಬಿಸುತ್ತದೆ. ಪ್ರವಾಹ ಹರಿದಲ್ಲಿ ಕಾವು ಹುಟ್ಟುತ್ತದೆ. ಇನ್ನೊಂದು ಸಂಗತಿಯೂ ನಿಮಗೆ ಗೊತ್ತು. ಆ ಪ್ರವಾಹ ಲೋಹದ ಹೊಟ್ಟೆಯವರೆಗೆ ಹೋಗುವುದಿಲ್ಲ, ಮೈಗೆ ಅಂಟಿಕೊಂಡೇ ಓಡುತ್ತದೆ. ಒಂದು ಕಿಲೋಹರ್ಟ್ಸ್‌ನಲ್ಲಿ ಕರಗಿದ ಕಬ್ಬಿಣದೊಳಗೆ ಅದು ಇಳಿಯುವ ಆಳ ಸುಮಾರು ಎರಡು ಸೆಂಟಿಮೀಟರ್. ಕ್ಷೇತ್ರ ಬದಲಾಗುವ ವೇಗ ಹೆಚ್ಚಿದಂತೆ ಈ ಪದರ ತೆಳ್ಳಗಾಗುತ್ತದೆ.

ಇವತ್ತಿನ ಮಾತು ಆ ಪದರ ಅತಿ ತೆಳ್ಳಗಾದಾಗ ಲೋಹದ ಮೈ ಪ್ಲಾಸ್ಮಾ ಆಗುವುದರ ಬಗ್ಗೆ. ಪ್ಲಾಸ್ಮಾ ಎಂದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡು, ವಿದ್ಯುತ್ ಹರಿಯಬಲ್ಲ ಬಿಸಿ ಅನಿಲ. ಕಾಂತಕ್ಷೇತ್ರ ನೂರು ನ್ಯಾನೋಸೆಕೆಂಡಿನಲ್ಲಿ, ಅಂದರೆ ಒಂದು ಸೆಕೆಂಡಿನ ಕೋಟಿಯ ಒಂದು ಭಾಗದಲ್ಲಿ, ಸೊನ್ನೆಯಿಂದ ನೂರಾರು ಟೆಸ್ಲಾಗೆ ಏರಿದರೆ ಅಲ್ಯೂಮಿನಿಯಮ್ ತುಂಡಿನ ಮೈಗೆ ಏನಾಗುತ್ತದೆ? ಅಷ್ಟು ಹೊತ್ತಿನಲ್ಲಿ ತಣ್ಣನೆಯ ಅಲ್ಯೂಮಿನಿಯಮ್‌ನೊಳಗೆ ಕ್ಷೇತ್ರ ಇಳಿಯುವುದು 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ಮೈಕ್ರೋಮೀಟರ್ ಹಿಡಿದು ಜಾಬ್ ಅಳೆಯುವವರಿಗೆ ಈ ಅಳತೆ ಹೊಸದಲ್ಲ. ಇಡೀ ನಾಟಕ ನಡೆಯುವುದು ಇಷ್ಟೇ ದಪ್ಪದ ರಂಗದ ಮೇಲೆ.

ಮೊದಲು ಅಳತೆಗಳನ್ನು ಹೊಂದಿಸಿಕೊಳ್ಳೋಣ. ಒಂದು ಟೆಸ್ಲಾ ಎಂದರೆ 10,000 ಗಾಸ್. ಇಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕ್ಷೇತ್ರ ಅರ್ಧ ಗಾಸಿಗೂ ಕಡಿಮೆ. ಆಸ್ಪತ್ರೆಯ ಎಂಆರ್‌ಐ ಯಂತ್ರ ಒಂದೂವರೆ ಅಥವಾ ಮೂರು ಟೆಸ್ಲಾದ್ದು. ಪಯೋತ್ರ್ ಕಪಿತ್ಸಾ ಎಂಬ ರಷ್ಯದ ವಿಜ್ಞಾನಿ 1920ರ ದಶಕದಲ್ಲೇ ಕೇಂಬ್ರಿಜ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಕಾಲ 32 ಟೆಸ್ಲಾ ಎಬ್ಬಿಸಿದ್ದರು. ಅವರ ಜಾಣತನ ನನಗೆ ಬಹಳ ಇಷ್ಟ. ಜನರೇಟರ್ ಹಠಾತ್ತನೆ ಶಾರ್ಟ್ ಆದಾಗ ನೆಲವೇ ನಡುಗುತ್ತಿತ್ತು. ಹಾಗಾಗಿ ಪ್ರಯೋಗದ ಸುರುಳಿಯನ್ನು ಕೋಣೆಯ ಇನ್ನೊಂದು ತುದಿಯಲ್ಲಿ, ಸುಮಾರು ಇಪ್ಪತ್ತು ಮೀಟರ್ ಆಚೆ ಇಟ್ಟರು. ನಡುಕ ನೆಲದ ಮೂಲಕ ಅಲ್ಲಿಗೆ ಮುಟ್ಟುವ ಹೊತ್ತಿಗೆ ಅಳತೆ ಮುಗಿದಿರುತ್ತಿತ್ತು.

ಸುರುಳಿ ಒಡೆಯದಂತೆ ನೂರು ಟೆಸ್ಲಾ ದಾಟಿದ್ದು 2012ರಲ್ಲಿ, ಅಮೆರಿಕದ ಲಾಸ್ ಅಲಮೋಸ್‌ನಲ್ಲಿ. ಅದಕ್ಕೂ ಮೇಲೆ ಹೋಗಬೇಕೆಂದರೆ ಸುರುಳಿಯನ್ನು ಬಲಿ ಕೊಡಲು ಸಿದ್ಧರಿರಬೇಕು. 2018ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದವರು 1,200 ಟೆಸ್ಲಾ ಮುಟ್ಟಿದಾಗ ಸುರುಳಿಯ ಜೊತೆಗೆ ಅದನ್ನು ಕೂಡಿಹಾಕಿದ್ದ ಕಬ್ಬಿಣದ ಕೋಣೆಯ ಬಾಗಿಲೂ ಕಿತ್ತು ಹೋಯಿತು.

ಏಕೆ ಒಡೆಯುತ್ತದೆ? ಕಾಂತಕ್ಷೇತ್ರಕ್ಕೆ ಒತ್ತಡವಿದೆ. ಒಂದು ಟೆಸ್ಲಾಗೆ ಸುಮಾರು ನಾಲ್ಕು ವಾಯುಭಾರ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ನಾಲ್ಕು ಪಟ್ಟು. ಕ್ಷೇತ್ರ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ, ಹತ್ತರಷ್ಟಾದರೆ ನೂರರಷ್ಟು. ನೂರು ಟೆಸ್ಲಾಗೆ ನಲವತ್ತು ಸಾವಿರ ವಾಯುಭಾರ. ಇದು ಬರೀ ಕಾಗದದ ಲೆಕ್ಕವಲ್ಲ ಎಂಬುದಕ್ಕೆ ಹಳೆಯ ಸಾಕ್ಷಿಯೊಂದಿದೆ. ಆಸ್ಟ್ರೇಲಿಯಾದ ಹಾರ್ಟ್ಲಿ ವೇಲ್ ಎಂಬಲ್ಲಿ ಸೀಮೆಎಣ್ಣೆ ತಯಾರಿಸುವ ಕಾರ್ಖಾನೆಯ ಮಿಂಚುರಕ್ಷಕಕ್ಕೆ ಸಿಡಿಲು ಬಡಿಯಿತು. ರಕ್ಷಕದ ತಾಮ್ರದ ಕೊಳವೆ ಕರಗಿ ಹೋಗಲಿಲ್ಲ. ಯಾರೋ ಸುತ್ತಲೂ ಹಿಡಿದು ಹಿಂಡಿದಂತೆ ಒಳಕ್ಕೆ ಕುಸಿದಿತ್ತು. ಸಿಡ್ನಿಯ ಪೊಲಾಕ್ ಮತ್ತು ಬ್ಯಾರಕ್ಲೋ 1905ರಲ್ಲಿ ಇದಕ್ಕೆ ವಿವರಣೆ ಕೊಟ್ಟರು: ಕೊಳವೆಯಲ್ಲಿ ಹರಿದ ಸಿಡಿಲಿನ ಪ್ರವಾಹ ತನ್ನದೇ ಕಾಂತಕ್ಷೇತ್ರವನ್ನು ಎಬ್ಬಿಸಿತು, ಆ ಕ್ಷೇತ್ರವೇ ಕೊಳವೆಯನ್ನು ಒತ್ತಿತು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಬಡಿಯುವ ಸಿಡಿಲೂ ಇದೇ ಜಾತಿಯದು, ಹತ್ತಾರು ಸಾವಿರ ಆಂಪಿಯರ್‌ನದು.

ಈಗ ಆಂಪಿಯರ್ ಲೆಕ್ಕವನ್ನು ಹತ್ತು ಲಕ್ಷಕ್ಕೆ ಏರಿಸಿ. ಅಮೆರಿಕದ ನೆವಾಡಾ ರಾಜ್ಯದ ರೀನೋ ವಿಶ್ವವಿದ್ಯಾಲಯದಲ್ಲಿ ಜೀಬ್ರಾ ಎಂಬ ಯಂತ್ರವಿತ್ತು. ಕೆಪಾಸಿಟರ್‌ಗಳಲ್ಲಿ ಸುಮಾರು 150 ಕಿಲೋಜೌಲ್ ತುಂಬಿಟ್ಟುಕೊಂಡು, ಅದನ್ನು ಹತ್ತು ಲಕ್ಷ ಆಂಪಿಯರ್‌ನ ಪ್ರವಾಹವಾಗಿ ನೂರು ನ್ಯಾನೋಸೆಕೆಂಡಿನಲ್ಲಿ ಸುರಿಯುವ ಯಂತ್ರ. 150 ಕಿಲೋಜೌಲ್ ಎಂದರೆ ಹೆಸ್ಕಾಂ ಬಿಲ್ಲಿನ ಒಂದು ಯೂನಿಟ್ಟಿನ ಇಪ್ಪತ್ತನಾಲ್ಕನೇ ಒಂದು ಭಾಗ. ಒಂದು ರೂಪಾಯಿಗೂ ಕಡಿಮೆ. ಆದರೆ ಆ ನೂರು ನ್ಯಾನೋಸೆಕೆಂಡಿನ ಮಟ್ಟಿಗೆ ಯಂತ್ರದ ಸಾಮರ್ಥ್ಯ ಎರಡು ಟೆರಾವಾಟ್, ನಮ್ಮ ದೇಶದ ಎಲ್ಲ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದ ಸುಮಾರು ನಾಲ್ಕು ಪಟ್ಟು. ಎಷ್ಟು ಎಂಬುದಕ್ಕಿಂತ ಎಷ್ಟು ಬೇಗ ಎಂಬುದೇ ಇಲ್ಲಿ ಮುಖ್ಯ.

ಅಲ್ಲಿನ ಸಂಶೋಧಕರು ಈ ಪ್ರವಾಹವನ್ನು ತೆಳ್ಳಗಿನ ಅಲ್ಯೂಮಿನಿಯಮ್ ಕಂಬಿಯೊಂದರ ಮೂಲಕ ಹರಿಸಿದರು. ಕಂಬಿಯ ವ್ಯಾಸ ಎರಡು ಮಿಲಿಮೀಟರ್ ಇದ್ದರೆ ಮೇಲ್ಮೈಯಲ್ಲಿ ಏಳುವ ಕ್ಷೇತ್ರ 200 ಟೆಸ್ಲಾ. ಒಂದು ಮಿಲಿಮೀಟರ್ ಇದ್ದರೆ 400. ಯಂತ್ರವನ್ನು ಮುಟ್ಟದೆ, ಲೇತ್ ಮೇಲೆ ಕಂಬಿಯ ವ್ಯಾಸವನ್ನಷ್ಟೇ ಬದಲಿಸುತ್ತ ಕ್ಷೇತ್ರವನ್ನು ಬೇಕಾದಲ್ಲಿಗೆ ತರಬಹುದು. ಕ್ಷೇತ್ರ ಏರಿದ ವೇಗ ಒಂದು ನ್ಯಾನೋಸೆಕೆಂಡಿಗೆ ಮೂರರಿಂದ ಎಂಟು ಟೆಸ್ಲಾ. 6061 ದರ್ಜೆಯ ಅಲ್ಯೂಮಿನಿಯಮ್‌ನ ಮೈ ಪ್ಲಾಸ್ಮಾ ಆಗಲು ಬೇಕಾದ ಹೊಸ್ತಿಲು 220 ಟೆಸ್ಲಾ ಎಂದು 2010ರಲ್ಲಿ ಅವರು ಪ್ರಕಟಿಸಿದರು. ಇಪ್ಪತ್ತೆರಡು ಲಕ್ಷ ಗಾಸ್. ಬಹುದಿನಗಳಿಂದ ಕಂಪ್ಯೂಟರ್ ಲೆಕ್ಕಗಳಲ್ಲಿ ಇದ್ದದ್ದನ್ನು ದಪ್ಪ ಲೋಹದ, ಅಂದರೆ ಕ್ಷೇತ್ರ ಇಳಿಯುವ ಪದರಕ್ಕಿಂತ ದಪ್ಪಗಿರುವ ಲೋಹದ ಮೇಲೆ ನೇರವಾಗಿ ಅಳೆದದ್ದು ಅದೇ ಮೊದಲು.

ಈ ಹೊಸ್ತಿಲನ್ನು ಲೋಹ ಹೇಗೆ ದಾಟುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಸ್ವಾರಸ್ಯವಿರುವುದು ಅಲ್ಲೇ.

220 ಟೆಸ್ಲಾದ ಒತ್ತಡ ಸುಮಾರು ಒಂದು ಲಕ್ಷ ತೊಂಬತ್ತು ಸಾವಿರ ವಾಯುಭಾರ. ಕಾವು ಕೊಟ್ಟು ಗಟ್ಟಿಗೊಳಿಸಿದ ಇದೇ ಅಲ್ಯೂಮಿನಿಯಮ್, ಅಂದರೆ 6061-ಟಿ6, ಮಣಿಯುವುದು 2,700 ವಾಯುಭಾರದ ಸುಮಾರಿಗೆ. ಅಂದರೆ ಲೋಹದ ಗಟ್ಟಿತನ ಇಲ್ಲಿ ಲೆಕ್ಕಕ್ಕೇ ಇಲ್ಲ. ಅದು ಎಪ್ಪತ್ತು ಪಟ್ಟು ಸೋತಾಗಿದೆ. ಇನ್ನು ಕಾವು. ಮೇಲ್ಮೈ ಪದರದಲ್ಲಿ ಹುಟ್ಟುವ ಕಾವು ಹೆಚ್ಚುಕಡಿಮೆ ಕ್ಷೇತ್ರದಲ್ಲಿ ಅಡಗಿರುವ ಶಕ್ತಿಯ ಸಾಂದ್ರತೆಯಷ್ಟೇ ಇರುತ್ತದೆ ಎಂಬುದು ಒಂದು ಒರಟು ನಿಯಮ. 220 ಟೆಸ್ಲಾಗೆ ಅದು ಘನ ಸೆಂಟಿಮೀಟರಿಗೆ 19 ಕಿಲೋಜೌಲ್. ಅಷ್ಟೇ ಅಲ್ಯೂಮಿನಿಯಮನ್ನು ಕೋಣೆಯ ಉಷ್ಣತೆಯಿಂದ ಪೂರ್ತಿ ಕರಗಿಸಲು ಮೂರು ಕಿಲೋಜೌಲ್ ಕೂಡ ಬೇಕಿಲ್ಲ. ಹೀಗಾಗಿ ಪ್ರವಾಹ ಇನ್ನೂ ಏರುತ್ತಿರುವಾಗಲೇ ಮೈ ಕರಗಿರುತ್ತದೆ. ಕರಗುವ ಗಳಿಗೆಯಲ್ಲಿ ಅಲ್ಯೂಮಿನಿಯಮ್‌ನ ರೋಧ ಒಮ್ಮೆಲೇ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಕೋಣೆಯ ಉಷ್ಣತೆಯ ರೋಧಕ್ಕೆ ಹೋಲಿಸಿದರೆ ಒಂಬತ್ತು ಪಟ್ಟು. ರೋಧ ಹೆಚ್ಚಿದ್ದರಿಂದ ಕಾವು ಇನ್ನೂ ಹೆಚ್ಚುತ್ತದೆ, ಕ್ಷೇತ್ರ ಇನ್ನೂ ಆಳಕ್ಕೆ ಇಳಿಯುತ್ತದೆ.

ಕರಗಿದ ಮೈ ಹಿಗ್ಗುತ್ತದೆ, ಆವಿಯಾಗತೊಡಗುತ್ತದೆ. ಇಲ್ಲಿ ಒಂದು ತಿರುವು ಇದೆ. ಲೋಹದ ಆವಿ ಲೋಹವಲ್ಲ. ಪರಮಾಣುಗಳು ಒಂದರಿಂದೊಂದು ದೂರವಾದಾಗ ಎಲೆಕ್ಟ್ರಾನುಗಳು ಮತ್ತೆ ತಮ್ಮ ತಮ್ಮ ಪರಮಾಣುವಿಗೆ ಅಂಟಿಕೊಳ್ಳುತ್ತವೆ. ವಾಹಕವಾಗಿದ್ದದ್ದು ಅವಾಹಕದತ್ತ ಜಾರುತ್ತದೆ. ವಾಹಕವಲ್ಲದ ಆವಿಯನ್ನು ಕಾಂತಕ್ಷೇತ್ರ ತಡೆದು ನಿಲ್ಲಿಸಲಾರದು, ಆದ್ದರಿಂದ ಅದು ಕ್ಷೇತ್ರದ ರೇಖೆಗಳನ್ನು ದಾಟಿ ಹೊರಕ್ಕೆ ಹರಡುತ್ತದೆ. ಹರಡಿದಂತೆ ತಣಿಯುತ್ತದೆ. ಕ್ಷೇತ್ರ ಹೊಸ್ತಿಲಿಗಿಂತ ಕೆಳಗಿದ್ದರೆ ಕಥೆ ಅಲ್ಲಿಗೇ ಮುಗಿಯಿತು: ಆವಿ ತಣಿದು ಮಂಕಾಗಿ ತೇಲುತ್ತದೆ, ಪ್ರವಾಹ ಅದರ ಕೆಳಗಿನ ದಟ್ಟ ಲೋಹದಲ್ಲೇ ಉಳಿಯುತ್ತದೆ.

ಕ್ಷೇತ್ರ ಹೊಸ್ತಿಲು ದಾಟಿದರೆ ಲೆಕ್ಕ ತಲೆಕೆಳಗಾಗುತ್ತದೆ. ಹಿಗ್ಗಿ ತಣಿಯುವುದಕ್ಕಿಂತ ಬೇಗ ಆ ತೆಳು ಆವಿಯೊಳಗೆ ಕಾವು ತುಂಬುತ್ತದೆ. ಉಷ್ಣತೆ ಹನ್ನೊಂದು ಸಾವಿರ ಡಿಗ್ರಿಯ ಆಚೀಚೆ ಬಂದಾಗ ಎಲೆಕ್ಟ್ರಾನುಗಳು ಮತ್ತೆ ಕಳಚಿಕೊಳ್ಳುತ್ತವೆ, ಈ ಸಲ ಕಾವಿನ ಹೊಡೆತಕ್ಕೆ. ಪ್ಲಾಸ್ಮಾ ಹುಟ್ಟಿತು. ಲೋಹದ ಸ್ವಭಾವಕ್ಕೆ ಪ್ಲಾಸ್ಮಾದ ಸ್ವಭಾವ ನೇರ ವಿರುದ್ಧ: ಬಿಸಿಯಾದಷ್ಟೂ ಅದರ ರೋಧ ಕಡಿಮೆಯಾಗುತ್ತದೆ. ಅದು ಪ್ರವಾಹವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ಇನ್ನಷ್ಟು ಬಿಸಿಯಾಗುತ್ತದೆ, ಇನ್ನಷ್ಟು ಸೆಳೆದುಕೊಳ್ಳುತ್ತದೆ. ಮತ್ತೆ ವಾಹಕವಾದ್ದರಿಂದ ಈಗ ಕ್ಷೇತ್ರವೂ ಅದನ್ನು ಹಿಡಿದು ನಿಲ್ಲಿಸುತ್ತದೆ. ಹೊಸ್ತಿಲು ಎಂದರೆ ಇಷ್ಟೇ: ಹಿಗ್ಗುವಿಕೆ ಮತ್ತು ಕಾಯಿಸುವಿಕೆ ಪೈಪೋಟಿಗೆ ಬಿದ್ದು, ಕಾಯಿಸುವಿಕೆ ಗೆಲ್ಲಲು ಶುರುವಾಗುವ ಬಿಂದು.

ಇಲ್ಲಿ ವಿದ್ಯಾರ್ಥಿನಿಯೊಬ್ಬರು ಕೇಳಿದರು: “ಸರ್, ವೆಲ್ಡಿಂಗ್ ಆರ್ಕ್ ಕೂಡ ಪ್ಲಾಸ್ಮಾನೇ ಅಲ್ಲವೇ? ಅದಕ್ಕೆ ಇಷ್ಟೊಂದು ಟೆಸ್ಲಾ ಬೇಕಾಗಿಲ್ಲವಲ್ಲ?”

ಸರಿಯಾದ ಜಾಗಕ್ಕೆ ಕೈ ಇಟ್ಟಿರಿ. ಆರ್ಕ್ ಹೊತ್ತಿಕೊಳ್ಳುವುದು ಬೇರೆ ದಾರಿಯಲ್ಲಿ. ಅಲ್ಲಿ ಸಣ್ಣ ಸಂದಿಯ ಎರಡೂ ಬದಿಗೆ ವೋಲ್ಟೇಜ್ ಇರುತ್ತದೆ. ಒಂದು ಎಲೆಕ್ಟ್ರಾನ್ ಓಡಿ ಇನ್ನೊಂದನ್ನು ಕೆಡವಿ, ಅವೆರಡೂ ಸೇರಿ ಮತ್ತೆರಡನ್ನು ಕೆಡವಿ, ಹೀಗೆ ಬೆಳೆದು ಕಿಡಿ ಹೊತ್ತುತ್ತದೆ. ಮೊದಮೊದಲ ಪ್ರಯೋಗಗಳನ್ನು ಹಾಳುಗೆಡವಿದ್ದೂ ಇದೇ. ಕಂಬಿಯನ್ನು ಯಂತ್ರದ ಎಲೆಕ್ಟ್ರೋಡಿಗೆ ಸಿಕ್ಕಿಸಿದ ಜಾಗದಲ್ಲಿ ಎಷ್ಟೇ ಬಿಗಿ ಮಾಡಿದರೂ ಕಣ್ಣಿಗೆ ಕಾಣದ ಸಂದಿ ಉಳಿಯುತ್ತದೆ. ಅಲ್ಲಿ ಆರ್ಕ್ ಏಳುತ್ತದೆ. ಅದರ ಬೆಳಕು, ಅದರಿಂದ ಹಾರಿದ ಕಣಗಳು ಕಂಬಿಯ ಮೈಮೇಲೆ ಬಿದ್ದು ಹೊಸ್ತಿಲಿಗಿಂತ ಬಹಳ ಮೊದಲೇ ಅಲ್ಲಿ ಪ್ಲಾಸ್ಮಾ ಎಬ್ಬಿಸಿಬಿಡುತ್ತವೆ. ಕಂಡ ಬೆಳಕು ಕಾಂತಕ್ಷೇತ್ರದ್ದೋ ಕೆಟ್ಟ ಜೋಡಣೆಯದ್ದೋ ಎಂದು ಹೇಳಲಾಗುವುದಿಲ್ಲ.

ಇದಕ್ಕೆ ಸಿಕ್ಕ ಪರಿಹಾರ ಭೌತವಿಜ್ಞಾನದ್ದಲ್ಲ, ಮಷಿನ್ ಶಾಪಿನದು. ಇಡೀ ತುಂಡನ್ನು ಒಂದೇ ಗಟ್ಟಿಯಿಂದ ತಿರುವಿದರು. ಎರಡು ತುದಿಗಳು ದಪ್ಪ, ನಡುವೆ ಕಂಬಿ. ವ್ಯಾಯಾಮ ಶಾಲೆಯ ಡಂಬೆಲ್ ಆಕಾರ. ಜೋಡಣೆ ದಪ್ಪ ತುದಿಗಳಲ್ಲಿ ಇರುವುದರಿಂದ ಅಲ್ಲಿ ಕ್ಷೇತ್ರ ಕಡಿಮೆ, ಆರ್ಕ್ ಎದ್ದರೂ ಅದರ ಬೆಳಕು ನಡುವಿನ ಕಂಬಿಗೆ ನೇರವಾಗಿ ಬೀಳುವುದಿಲ್ಲ. ದಪ್ಪದಿಂದ ತೆಳ್ಳಗಾಗುವ ಜಾಗದಲ್ಲಿ ಉಳಿ ಎಲ್ಲಿಯೂ ಮೂಲೆ ಬಿಡಬಾರದು. ನಂಬಬಹುದಾದ 220 ಟೆಸ್ಲಾದ ಅಂಕಿ ಸಿಕ್ಕಿದ್ದು ಈ ತುಂಡುಗಳಿಂದ.

ನಂತರದ ವರ್ಷಗಳಲ್ಲಿ ಪ್ರಶ್ನೆ ಬದಲಾಯಿತು. ಪ್ಲಾಸ್ಮಾ ಯಾವಾಗ ಹುಟ್ಟುತ್ತದೆ ಎಂಬುದರ ಬದಲು ಮೈಮೇಲೆ ಎಲ್ಲಿ ಮೊದಲು ಹುಟ್ಟುತ್ತದೆ ಎಂದು ಕೇಳತೊಡಗಿದರು. ನ್ಯಾನೋಸೆಕೆಂಡುಗಳಷ್ಟೇ ತೆರೆದುಕೊಳ್ಳುವ ಕ್ಯಾಮೆರಾಗಳಲ್ಲಿ ಕಂಬಿಯ ಮೈ ಒಂದೇ ಸಮನಾಗಿ ಬೆಳಗಲಿಲ್ಲ. ಮೊದಲು ಅಲ್ಲಲ್ಲಿ ಚುಕ್ಕೆಗಳು ಕಂಡವು. ಆಮೇಲೆ ಚುಕ್ಕೆಗಳು ಕಂಬಿಗೆ ಅಡ್ಡಲಾಗಿ ಚಾಚಿಕೊಂಡು ಪಟ್ಟೆಗಳಾದವು. ಪ್ಲಾಸ್ಮಾ ಬಲಿತ ಮೇಲೆ ಉದ್ದುದ್ದ ಎಳೆಗಳು ಮೂಡಿದವು, ಪ್ರವಾಹ ಹರಿಯುವ ದಿಕ್ಕಿನಲ್ಲೇ.

ಮೊದಲು ಅಡ್ಡ, ಆಮೇಲೆ ಉದ್ದ. ಏಕೆ ಹೀಗೆ? ಉದ್ದದ ಎಳೆಗಳು ಅರ್ಥವಾಗುವುದು ಸುಲಭ. ಘಟಪ್ರಭಾ ಕಾಲುವೆಯ ಏರಿ ಒಂದು ಕಡೆ ಸೀಳಿದರೆ ನೀರು ಅಲ್ಲಿಗೇ ನುಗ್ಗುತ್ತದೆ, ನುಗ್ಗಿದ ನೀರೇ ಸೀಳನ್ನು ಅಗಲ ಮಾಡುತ್ತದೆ. ಪ್ಲಾಸ್ಮಾದಲ್ಲಿ ಬಿಸಿಯಾದ ಎಳೆಗೆ ರೋಧ ಕಡಿಮೆ, ಆದ್ದರಿಂದ ಪ್ರವಾಹ ಅಲ್ಲಿಗೇ ನುಗ್ಗಿ ಅದನ್ನು ಇನ್ನಷ್ಟು ಬಿಸಿ ಮಾಡುತ್ತದೆ. ದಟ್ಟ ಲೋಹದಲ್ಲಿ ಇದು ತಿರುಗುಮುರುಗು. ಬಿಸಿ ಜಾಗದ ರೋಧ ಹೆಚ್ಚು. ಬಿಸಿ ಜಾಗ ಪ್ರವಾಹದ ದಿಕ್ಕಿನಲ್ಲಿ ಉದ್ದಕ್ಕಿದ್ದರೆ ಪ್ರವಾಹ ಅದನ್ನು ಬಿಟ್ಟು ಪಕ್ಕದಲ್ಲಿ ಹಾದುಹೋಗುತ್ತದೆ, ಅದು ತಣಿಯುತ್ತದೆ. ಆದರೆ ಕಂಬಿಗೆ ಅಡ್ಡಲಾಗಿ ಸುತ್ತಿಕೊಂಡ ಬಿಸಿ ಪಟ್ಟೆಯನ್ನು ಪ್ರವಾಹ ತಪ್ಪಿಸಿಕೊಳ್ಳಲಾರದು, ದಾಟಲೇಬೇಕು. ಹೆಚ್ಚು ರೋಧ, ಅದೇ ಪ್ರವಾಹ, ಹೆಚ್ಚು ಕಾವು. ಪಟ್ಟೆ ಬೆಳೆಯುತ್ತದೆ. ಇದಕ್ಕೆ ವಿದ್ಯುದುಷ್ಣ ಅಸ್ಥಿರತೆ ಎಂದು ಹೆಸರು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಟರ್ನರ್ ಒಬ್ಬರು ಕೈ ಎತ್ತಿದರು: “ಮೊದಲ ಚುಕ್ಕೆ ಎಲ್ಲಿಂದ ಬಂತು? ಉಳಿಯ ಗೀರಿನಿಂದಲೋ, ಮಾಲಿನ ಒಳಗಿನಿಂದಲೋ?”

ಕಾಕಾ, ಈ ಒಂದು ಪ್ರಶ್ನೆಗೆ ಸಂಶೋಧಕರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಗೀರು ಕಾರಣವೇ ಎಂದು ನೋಡಲು ವಜ್ರದ ಉಳಿಯಿಂದ ಕನ್ನಡಿಯಂತೆ ತಿರುವಿದರು. ಆದರೂ 6061ರಲ್ಲಿ ಚುಕ್ಕೆಗಳು ಹೋಗಲಿಲ್ಲ. 6061ರಲ್ಲಿ ಮೆಗ್ನೀಸಿಯಮ್, ಸಿಲಿಕಾನ್, ಒಂದಿಷ್ಟು ಕಬ್ಬಿಣ ಇರುತ್ತವೆ. ಅವು ಅಲ್ಲಲ್ಲಿ ಗುಂಪುಗೂಡಿ ಕೆಲವೇ ಮೈಕ್ರಾನ್ ಗಾತ್ರದ ಕಣಗಳಾಗಿ ಕುಳಿತಿರುತ್ತವೆ. ಅವುಗಳ ರೋಧ ಸುತ್ತಲಿನ ಅಲ್ಯೂಮಿನಿಯಮ್‌ಗಿಂತ ಹೆಚ್ಚು. ಪ್ರವಾಹ ಅವುಗಳನ್ನು ಸುತ್ತಿ ಹರಿಯಬೇಕಾಗುತ್ತದೆ. ಗುಂಡಗಿನ ಅವಾಹಕ ಕಣವೊಂದನ್ನು ಸುತ್ತಿ ಹೋಗುವಾಗ ಅದರ ಎರಡು ಮಗ್ಗುಲಲ್ಲಿ ಪ್ರವಾಹದ ಸಾಂದ್ರತೆ ಒಂದೂವರೆ ಪಟ್ಟಾಗುತ್ತದೆ. ಕಾವು ಪ್ರವಾಹದ ವರ್ಗದಂತೆ ಏರುವುದರಿಂದ ಎರಡೂ ಕಾಲು ಪಟ್ಟು. ಬಿಸಿಯಾಗುವುದು ಮಗ್ಗುಲುಗಳು, ಅಂದರೆ ಪ್ರವಾಹಕ್ಕೆ ಅಡ್ಡ ದಿಕ್ಕು. ಚುಕ್ಕೆ ಅಡ್ಡಲಾಗಿ ಚಾಚಿಕೊಂಡು ಪಟ್ಟೆಯಾಗುವುದು ಈ ಕಾರಣಕ್ಕೆ.

ಇದನ್ನು ಖಚಿತಪಡಿಸಿಕೊಳ್ಳಲು ಅವರು ಮಾಡಿದ್ದು ನನಗೆ ಬಹಳ ಮೆಚ್ಚಿಕೆಯಾಯಿತು. 99.999 ಪ್ರತಿಶತ ಶುದ್ಧ ಅಲ್ಯೂಮಿನಿಯಮ್‌ನ ಕಂಬಿಯನ್ನು ನಯವಾಗಿ ತಿರುವಿ, ಅದರ ಮೈಮೇಲೆ ತಾವೇ ಮೈಕ್ರಾನ್ ಲೆಕ್ಕದ ಸಣ್ಣ ಗುಂಡಗಿನ ಕುಳಿಗಳನ್ನು ಕೊರೆದರು. ದೋಷ ಎಲ್ಲಿದೆ, ಎಷ್ಟು ದೊಡ್ಡದಿದೆ ಎಂಬುದು ಮೊದಲೇ ಗೊತ್ತು. ಪ್ರವಾಹ ಹರಿಸಿದಾಗ ಬೆಳಕು ಮೊದಲು ಕಂಡದ್ದು ಆ ಕುಳಿಗಳ ಬಳಿಯಲ್ಲಿ. ಎರಕದಲ್ಲಿ ಬ್ಲೋಹೋಲ್ (ಗಾಳಿ ಸಿಕ್ಕಿ ಉಳಿದ ತೂತು) ಬಂತೆಂದು ಗಿರಾಕಿಯಿಂದ ಬೈಸಿಕೊಂಡವರಿಗೆ, ಬೇಕೆಂದೇ ಬ್ಲೋಹೋಲ್ ಮಾಡಿ ಅದರ ಮೇಲೆ ಪ್ರಬಂಧ ಬರೆಯುವವರೂ ಇದ್ದಾರೆ ಎಂದು ಕೇಳಿ ನಗು ಬರಬಹುದು. ಆದರೆ ದೋಷ ಏನು ಮಾಡುತ್ತದೆ ಎಂದು ತಿಳಿಯಲು ದೋಷವನ್ನೇ ಅಳತೆಗೆ ತಕ್ಕಂತೆ ಮಾಡಿಕೊಳ್ಳುವುದಕ್ಕಿಂತ ನೇರ ದಾರಿ ಬೇರೆ ಇಲ್ಲ.

ಇನ್ನು ಇದೆಲ್ಲ ಯಾಕೆ ಬೇಕು ಎಂಬುದು. ನ್ಯೂ ಮೆಕ್ಸಿಕೋದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಝಡ್ ಎಂಬ ಯಂತ್ರವಿದೆ. ಅದರ ಪ್ರವಾಹ ಎರಡು ಕೋಟಿ ಆಂಪಿಯರಿಗೂ ಹೆಚ್ಚು. ಸೆಂಟಿಮೀಟರ್ ಲೆಕ್ಕದ ಬೆರಿಲಿಯಮ್ ಕೊಳವೆಯೊಳಗೆ ಡ್ಯೂಟೀರಿಯಮ್ (ಭಾರದ ಹೈಡ್ರೋಜನ್) ಅನಿಲ ತುಂಬಿ, ಲೇಸರ್‌ನಿಂದ ಅದನ್ನು ಕಾಯಿಸಿ, ಕೊಳವೆಯನ್ನು ಸುತ್ತಲಿಂದ ಕಾಂತಕ್ಷೇತ್ರದಿಂದಲೇ ಹಿಂಡಿ ಪರಮಾಣು ಬೀಜಗಳನ್ನು ಬೆಸೆಯುವ ಯತ್ನ ಅಲ್ಲಿ ನಡೆಯುತ್ತಿದೆ. ಅದರ ಮೊದಲ ಫಲಿತಾಂಶಗಳು 2014ರಲ್ಲಿ ಪ್ರಕಟವಾದವು. ಹಾರ್ಟ್ಲಿ ವೇಲ್‌ನ ಕೊಳವೆ ಅಡ್ಡಾದಿಡ್ಡಿ ಕುಸಿದರೂ ನಡೆಯುತ್ತಿತ್ತು. ಇಲ್ಲಿ ಕೊಳವೆ ಎಲ್ಲ ಬದಿಯಿಂದ ಒಂದೇ ಸಮ ಕುಗ್ಗಬೇಕು. ಮೈಮೇಲಿನ ಪಟ್ಟೆಗಳು ಕೊಳವೆ ಕುಗ್ಗುವಾಗ ದೊಡ್ಡ ಅಲೆಗಳಾಗಿ ಬೆಳೆದು ಅದನ್ನು ನಡುವೆಯೇ ಹರಿದು ಹಾಕುತ್ತವೆ. ಕೊಳವೆಯ ಹೊರಮೈಗೆ ಎಪಾಕ್ಸಿಯಂಥ ಅವಾಹಕ ಲೇಪನ ಬಳಿದರೆ ಅಲೆಗಳು ತಗ್ಗುತ್ತವೆ ಎಂದು ಸ್ಯಾಂಡಿಯಾದವರು ತೋರಿಸಿದ್ದಾರೆ. ಲೇಪನ ಪ್ರವಾಹವನ್ನು ಒಯ್ಯುವುದಿಲ್ಲ, ಆದರೆ ತನ್ನ ಭಾರದಿಂದ ಲೋಹದ ಮೈ ಹಿಗ್ಗದಂತೆ ಒತ್ತಿ ಹಿಡಿಯುತ್ತದೆ.

ಕೊನೆಗೆ ಒಬ್ಬ ಹುಡುಗ ಕೇಳಿದ: “ಸರ್, ಇಂಥದ್ದನ್ನು ನಾವು ಇಲ್ಲಿ ಮಾಡಬಹುದೇ?”

220 ಟೆಸ್ಲಾ ಬೇಡ. ಕೆಪಾಸಿಟರ್ ಬ್ಯಾಂಕಿನ ಹತ್ತಿರ ಮನೆಯಲ್ಲಿ ಕಲಿತ ಧೈರ್ಯದಿಂದ ಹೋಗಲೇಬಾರದು. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಒಮ್ಮೆ ಮುಟ್ಟಿದರೆ ಎರಡನೇ ಸಲಕ್ಕೆ ಅವಕಾಶವಿರುವುದಿಲ್ಲ. ಆದರೆ ಇದೇ ಒತ್ತಡವನ್ನು ಹತ್ತಾರು ಟೆಸ್ಲಾದ ಮಟ್ಟದಲ್ಲಿ, ಹತ್ತಾರು ಮೈಕ್ರೋಸೆಕೆಂಡುಗಳ ಕಾಲ ಬಳಸಿ ಅಲ್ಯೂಮಿನಿಯಮ್ ಕೊಳವೆಗಳನ್ನು ಹಿಗ್ಗಿಸುವ, ಕುಗ್ಗಿಸುವ, ಒಂದರ ಮೇಲೊಂದು ಬಿಗಿಯುವ ಕೆಲಸ ಕಾರ್ಖಾನೆಗಳಲ್ಲಿ ನಡೆಯುತ್ತದೆ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲೂ ಇದರ ಮೇಲೆ ಕೆಲಸವಾಗಿದೆ. ಅಲ್ಲಿ ಮೈ ಕರಗುವುದೂ ಇಲ್ಲ, ಪ್ಲಾಸ್ಮಾದ ಕಾಟವೂ ಇಲ್ಲ. ಡೈ, ಅಂದರೆ ಅಚ್ಚು, ಒಂದೇ ಬದಿಗೆ ಸಾಕು, ಇನ್ನೊಂದು ಬದಿಯಿಂದ ಒತ್ತುವುದು ಕ್ಷೇತ್ರವೇ. ತೊಂದರೆ ಇರುವುದು ಸುರುಳಿಯಲ್ಲಿ: ಕೊಳವೆಯನ್ನು ಒತ್ತಿದಷ್ಟೇ ಬಲವಾಗಿ ಕ್ಷೇತ್ರ ಸುರುಳಿಯನ್ನೂ ಹೊರಕ್ಕೆ ಒತ್ತುತ್ತದೆ, ಪ್ರತಿ ಹೊಡೆತಕ್ಕೂ ಅದು ಒಂದಿಷ್ಟು ಸವೆಯುತ್ತದೆ, ಅದರ ಇನ್ಸುಲೇಷನ್ ಸೀಳುತ್ತದೆ. ಸಾವಿರಾರು ಹೊಡೆತ ತಾಳುವ ಸುರುಳಿಯನ್ನು ಯಾವ ತಾಮ್ರ ಮಿಶ್ರಲೋಹದಿಂದ ತಿರುವಬೇಕು, ಅದಕ್ಕೆ ಹೊರಗಿನಿಂದ ಯಾವ ಕಟ್ಟು ಹಾಕಬೇಕು ಎಂಬುದು ನೇರವಾಗಿ ನಿಮ್ಮ ಕೆಲಸದ ಪ್ರಶ್ನೆ. ಅದನ್ನು ಹಿಡಿದುಕೊಂಡು ಯಾರಾದರೂ ಪ್ರಾಜೆಕ್ಟ್ ಮಾಡುವುದಾದರೆ ಲೆಕ್ಕ ಹಾಕಿ ಕೊಡಲು ನಾನಿದ್ದೇನೆ.